ಕೆರೆಯ ಹೂಳು, ಪ್ರಶಸ್ತಿಯ ಹೆಸರು

ಬುಧವಾರ, ಜುಲೈ ಒಂಬತ್ತು, ಬೆಳಿಗ್ಗೆ ಹತ್ತೂಹತ್ತಕ್ಕೆ ಹುನಗುಂದ ಠಾಣೆಗೆ ನುಗ್ಗಿದ ವಿದ್ಯಾ, ಪಿಎಸ್‌ಐ ಮಹೇಶ್ವರಿಯ ಮೇಜಿನ ಮೇಲೆ ಪ್ರಶಸ್ತಿಯ ಸುದ್ದಿಯಿದ್ದ ಪೇಪರು ಒಗೆದಳು.

"ನಮ್ಮೂರ ಕೆರಿ ಹೂಳು ತಗಸಿದಾಕಿ ನಾ. ನಾನೂ ಅರ್ಜಿ ಹಾಕೇನಿ. ಜಿಲ್ಲಾ ಯುವ ಪ್ರಶಸ್ತಿ ಮಾತ್ರ ಯುವರಾಜಗ! ಸುಳ್ಳ ಕಾಗದ ಹಚ್ಚ್ಯಾನ ಅಂವ. ನಾಡದ ಶುಕ್ರವಾರ ಬಾಗಲಕೋಟ್ಯಾಗ ಸನ್ಮಾನ. ಅದಕ್ಕೂ ಮೊದಲ ಅವನ್ನ ಹಿಡೀರಿ."

"ಇಲ್ಲಿ ಹಂಗೆಲ್ಲ ಒಗೀಬ್ಯಾಡ. ಕುಂದ್ರು."

ಹದಿಮೂರು ವರ್ಷದ ನೌಕರಿಯಲ್ಲಿ ಕಳ್ಳರಿಗಿಂತ ದೂರುದಾರರೇ ಮಹೇಶ್ವರಿಯ ತಲೆ ಹೆಚ್ಚು ತಿಂದಿದ್ದರು. ಆದರೂ ದೂರು ಬರೆಸಿಕೊಂಡಳು.

ಮಧ್ಯಾಹ್ನ ಬಾಗಲಕೋಟೆಯಿಂದ ಯುವರಾಜನ ಅರ್ಜಿ ಕೈಸೇರಿತು. ಪಂಚಾಯಿತಿ ಪ್ರಮಾಣಪತ್ರ, ಫೋಟೊ, ದುಡಿದವರ ಸಹಿ, ಎಲ್ಲ ಅಚ್ಚುಕಟ್ಟು. ಹನ್ನೆರಡು ದಿನದ ಕೆಲಸವಂತೆ. ಮಹೇಶ್ವರಿಯ ಬೆರಳು ಮೇ ಹತ್ತೊಂಬತ್ತರ ಮೇಲೆ ನಿಂತಿತು. ಅಂದು ಸೋಮವಾರ. ಯಂಕಪ್ಪನ ಎತ್ತಿನ ಚಕ್ಕಡಿ, ಹದಿನಾಲ್ಕು ಖೇಪು ಹೂಳು ಎಂದು ಬರೆದು, ಕೆಳಗೆ ಯಂಕಪ್ಪನ ಸಹಿ.

ಪೇದೆ ಕಾಶಪ್ಪನೊಡನೆ ವಿದ್ಯಾಳ ಊರಿಗೆ ಹೋಗಿ ಕೇಳಿದರೆ ಯಂಕಪ್ಪ ಕೆಂಡವಾದ.

"ಸೋಮವಾರ ಬಸವಣ್ಣನ ವಾರ್ರಿ! ಅವತ್ತು ನಮ್ಮನ್ಯಾಗ ಎತ್ತು ಹೂಡಂಗಿಲ್ಲ. ಈ ಸಹಿ ಮಾಡಿದ ಹಲ್ಕಟ್ ಯಾಂವ?"

"ಕೆಲಸ ಎಷ್ಟು ದಿನ ಆತು?"

"ನಾಕ ಐತವಾರ. ಅಷ್ಟ."

ಎತ್ತು ಸಾಕಿದ ಮನೆಯವನು ಇಂಥ ತಪ್ಪು ಮಾಡುತ್ತಿರಲಿಲ್ಲ. ಯುವರಾಜ ಇಳಕಲ್ಲ ಪೇಟೆಯವನು, ಫೋಟೊ ಸ್ಟುಡಿಯೊ ಇಟ್ಟವನು. ಪ್ರಶಸ್ತಿಗೆ ಕನಿಷ್ಠ ಹತ್ತು ದಿನದ ಸೇವೆ ಬೇಕಿತ್ತು. ನಾಲ್ಕು ಭಾನುವಾರವನ್ನು ಹನ್ನೆರಡು ದಿನ ಮಾಡುವ ಅವಸರದಲ್ಲಿ ವಾರ ನೋಡಿರಲಿಲ್ಲ.

ಗುರುವಾರ ಹನ್ನೊಂದೂವರೆಗೆ ಇಬ್ಬರು ಪಂಚರ ಎದುರು ಸ್ಟುಡಿಯೊದಲ್ಲಿ ಪಂಚನಾಮೆ ನಡೆಯಿತು. ಡ್ರಾದಲ್ಲಿ ಪಂಚಾಯಿತಿಯ ನಕಲಿ ಸೀಲು ಸಿಕ್ಕಿತು.

"ಸೀಲು ಯಾರದು?"

"ನಂದ."

"ಸಹಿ?"

"ಅವೂ ನನ್ನವ ರೀ!" ಯುವರಾಜನಿಗೆ ನಾಚಿಕೆಯಿರಲಿಲ್ಲ, ಹೊಟ್ಟೆಯುರಿ ಇತ್ತು. "ನಾಕೂ ಐತವಾರ ನಾನೂ ಬುಟ್ಟಿ ಹೊತ್ತೇನಿ. ಆಕಿ ಫೈಲಿನ್ಯಾಗ ಅರವತ್ತು ಫೋಟೊ ಅದಾವು. ಒಂದರಾಗರ ನಾ ಅದೇನಿ ಏನ್ರಿ? ಎಲ್ಲಾ ತಗದಾಂವ ನಾನ!"

ಅವನನ್ನು ಬಂಧಿಸಿ ಠಾಣೆಗೆ ತಂದರು. ಸನ್ಮಾನ ತಡೆಹಿಡಿಯುವಂತೆ ಬಾಗಲಕೋಟೆಗೆ ಪತ್ರ ಹೋಯಿತು. ಬಾಗಿಲಲ್ಲೇ ಕಾದಿದ್ದ ವಿದ್ಯಾಳನ್ನು ಮಹೇಶ್ವರಿ ಒಳಗೆ ಕರೆದಳು.

"ಅವ ಕೆರ್ಯಾಗ ದುಡದದ್ದು ಖರೆ ಏನು?"

"ಖರೆ."

"ಜೋಡಿ ದುಡದವರ ಹೆಸರು ಬರಿಯಾಕ ನಿನ್ನ ಅರ್ಜಿಯಾಗ ಜಾಗ ಇತ್ತಲ್ಲ. ಅವನ ಹೆಸರು ಯಾಕ ಬರೀಲಿಲ್ಲ?"

ವಿದ್ಯಾ ಯುವರಾಜನನ್ನೇ ದಿಟ್ಟಿಸಿದಳು.

"ನೀವು ಎಫ್‌ಐಆರ್‌ದಾಗ ಬರದೀರಲ್ರಿ. ಅವಗ ಅಷ್ಟ ಸಾಕು."

ಅವಳ ಕೆನ್ನೆಗೆ ಬಾರಿಸಬೇಕೆನಿಸಿತು ಮಹೇಶ್ವರಿಗೆ. ಬಾರಿಸಲಿಲ್ಲ. ಬಂಧನದ ವೇಳೆ ಹನ್ನೆರಡು ನಲವತ್ತು ಎಂದು ಬರೆದು ಸಹಿ ಹಾಕಿದಳು.