ಎಂಟನೇ ಹರ್ಡಲ್

1996ರ ಮಾರ್ಚ್ 16, ಶನಿವಾರ. ಸಂಜೆ 7.20ಕ್ಕೆ ಟ್ಯಾಂಪಿನೀಸ್ ನಿವಾಸಿ, ಬ್ಯಾಂಕ್ ಅಧಿಕಾರಿ ಪಟ್ಟಾಭಿರಾಮ ಆಸ್ಪತ್ರೆಯ ವರದಿ ಹಿಡಿದು ಕ್ಲೆಮೆಂಟಿ ಠಾಣೆಗೆ ಬಂದರು.

"ಮಗಳು ಧೃತಿ ಇವತ್ತು ಹರ್ಡಲ್ಸ್ ಓಟದ ಫೈನಲ್‌ನಲ್ಲಿ ಎಂಟನೇ ಹರ್ಡಲ್‌ಗೆ ಬಿದ್ಲು ಸರ್. ಕಾಲರ್‌ಬೋನ್ ಮುರಿದಿದೆ. ರಕ್ತದಲ್ಲಿ ನಿದ್ದೆ ಮಾತ್ರೆ ಇದೆ ಅಂತಾರೆ ಡಾಕ್ಟರು. ಅವಳು ತಲೆನೋವಿಗೂ ಮಾತ್ರೆ ತಗೊಳ್ಳೋಳಲ್ಲ."

ಇನ್ಸ್‌ಪೆಕ್ಟರ್ ಶಿವರಾಮ್ ಎಫ್‌ಐಆರ್ ದಾಖಲಿಸಿದರು. ಆರು ವಿಶ್ವವಿದ್ಯಾಲಯಗಳ ಪ್ರಾದೇಶಿಕ ಅಥ್ಲೆಟಿಕ್ ಒಕ್ಕೂಟದ ವಾರ್ಷಿಕ ಕ್ರೀಡಾಕೂಟ ಅಂದು ಮಧ್ಯಾಹ್ನವಷ್ಟೇ ಮುಗಿದಿತ್ತು. 8.05ಕ್ಕೆ ಸಾರ್ಜೆಂಟ್ ಲಿಮ್ ಜತೆ ಮೈದಾನಕ್ಕೆ ಹೋಗಿ ಮಹಜರು ನಡೆಸಿ, ಅಲ್ಲೇ ಉಳಿದಿದ್ದ ಧೃತಿಯ ಬ್ಯಾಗಿನಿಂದ ಬಾರ್ಲಿ ನೀರಿನ ಬಾಟಲಿಯನ್ನು ವಶಪಡಿಸಿಕೊಂಡರು.

ಎಲ್ಲರೂ ಬೆರಳು ತೋರಿಸಿದ್ದು ಚಿನ್ನ ಗೆದ್ದ ದೀಕ್ಷಿತಾಳ ಕಡೆಗೆ. ಅವಳು ಬೇರೆ ವಿಶ್ವವಿದ್ಯಾಲಯದವಳು. ಆದರೆ ಧೃತಿ ವಾರ್ಮ್‌ಅಪ್‌ಗೆ ಹೋದ ಎರಡೂವರೆಯಿಂದ ಓಟ ಶುರುವಾಗುವವರೆಗೂ ಅವಳು ಅಧಿಕಾರಿಗಳ ಕಣ್ಣೆದುರೇ ಕೂತಿದ್ದಳೆಂದು ಲಿಮ್ ವಿಚಾರಿಸಿ ತಂದರು.

ಭಾನುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಧೃತಿಯ ಹೇಳಿಕೆ.

"ವಾರ್ಮ್‌ಅಪ್ ಮಾಡುವಾಗ ಬ್ಯಾಗ್ ಯಾರ ಹತ್ರ ಇತ್ತು?"

"ನಾಗಮಣಿ ಆಂಟಿ ಹತ್ರ. ನನ್ನ ಕೋಚ್. ಯಾಕೆ ಸರ್?"

ನಾಗಮಣಿ ತಾವೇ ಠಾಣೆಗೆ ಬಂದು ಬೆರಳಚ್ಚು ಕೊಟ್ಟರು.

"ಬಾಟಲಿ ಮುಟ್ಟಿದ್ರಾ?"

"ಇಲ್ಲ. ಬ್ಯಾಗ್ ನೋಡ್ಕೊಂಡಿದ್ದೆ, ಅಷ್ಟೇ."

ಮಂಗಳವಾರ ಪ್ರಯೋಗಾಲಯದ ವರದಿ ಬಂತು. ನೀರಿನಲ್ಲಿ ನಿದ್ದೆ ಮಾತ್ರೆ, ಮುಚ್ಚಳದ ಮೇಲೆ ನಾಗಮಣಿಯ ಹೆಬ್ಬೆರಳಚ್ಚು. ಅದೇ ಮಾತ್ರೆಯನ್ನು ಶುಕ್ರವಾರ ಸಂಜೆ ಅವರಿಗೆ ಬರೆದುಕೊಟ್ಟಿದ್ದಾಗಿ ಕ್ಲೆಮೆಂಟಿಯ ಡಾಕ್ಟರೊಬ್ಬರು ಲಿಖಿತವಾಗಿ ತಿಳಿಸಿದರು.

ಶಿವರಾಮ್ ಎರಡೂ ಕಾಗದಗಳನ್ನು ಮೇಜಿನ ಮೇಲಿಟ್ಟರು. ನಾಗಮಣಿ ಓದಿದರು.

"ಹದಿನಾಲ್ಕು ವರ್ಷದಿಂದ ಹರ್ಡಲ್ಸ್ ರೆಕಾರ್ಡ್ ಬೋರ್ಡ್ ಮೇಲೆ ನನ್ನ ಹೆಸರಿದೆ ಸರ್. ಶುಕ್ರವಾರ ಹೀಟ್ಸ್ ಸುತ್ತು ಮುಗಿದ ಕೂಡಲೇ, ಫೈನಲ್‌ನಲ್ಲಿ ರೆಕಾರ್ಡ್ ಮುರಿದೇ ಮುರೀತಾಳೆ ಅಂತ ಒಕ್ಕೂಟದ ಆಫೀಸಲ್ಲಿ ಧೃತಿ ಹೆಸರಿನ ಅಕ್ಷರ ಜೋಡಿಸ್ತಿದ್ರು. ಸ್ಪೆಲಿಂಗ್ ಸರಿಯಿದ್ಯಾ ಅಂತ ನನ್ನನ್ನೇ ಕರೆದು ಕೇಳಿದ್ರು."

"ನೀವೇ ಕಲಿಸಿದ ಹುಡುಗಿ."

"ನಾಲ್ಕು ವರ್ಷ. ಬೀಳ್ತಾಳೆ ಅಂದ್ಕೊಂಡಿರ್ಲಿಲ್ಲ. ಸ್ವಲ್ಪ ಸ್ಲೋ ಆದ್ರೆ ಸಾಕಿತ್ತು."

ಬೆಳಿಗ್ಗೆ 11.40ಕ್ಕೆ ಬಂಧನ ದಾಖಲಾಯಿತು. ಹೇಳಿಕೆಗೆ ಸಹಿ ಹಾಕುವ ಮುನ್ನ ನಾಗಮಣಿ ಇನ್ನೊಂದು ಸಾಲು ಸೇರಿಸಿಕೊಳ್ಳುವಂತೆ ಕೇಳಿದರು. ಶಿವರಾಮ್ ಅದನ್ನೂ ಹಾಗೆಯೇ ಬರೆದುಕೊಂಡರು:

"ಅಷ್ಟು ಮಾತ್ರೆ ಒಳಗೆ ಹೋಗಿದ್ರೂ ಏಳನೇ ಹರ್ಡಲ್ ತನಕ ಅವಳು ನನ್ನ ರೆಕಾರ್ಡ್ ಟೈಮಿಗಿಂತ ಮುಂದೇ ಇದ್ಲು. ಸ್ಟಾಪ್‌ವಾಚ್ ನನ್ನ ಕೈಲೇ ಇತ್ತು."