ಗಂಗಾಧರಯ್ಯ ಮೇಷ್ಟರ ಕೈಬ್ರೇಕು

ಸತ್ತ ಮೇಲೂ ಊರು ಕೈಮುಗಿದು ನೆನೆಯುವ ಒಬ್ಬರ ಮಾನಕ್ಕೆ ಸಂಬಂಧಿಸಿದ ಸಂಗತಿ ಇದು. ಹೇಳುವುದಕ್ಕೆ ಇನ್ನೂ ಬಲ್ಲವರು, ಇನ್ನೂ ಚೆನ್ನಾಗಿ ಬರೆಯುವವರು ಮಧುಗಿರಿಯಲ್ಲಿ ಇದ್ದರು. ಅವರು ಯಾರೂ ಹೇಳಲಿಲ್ಲ ಎಂಬುದಷ್ಟೇ ಇಲ್ಲಿನ ಧೈರ್ಯ. ತಪ್ಪು ಕಂಡರೆ ಓದುವವರು ಮನ್ನಿಸಬೇಕು. ಮೇಷ್ಟರ ಮನೆಯವರು ಯಾರಾದರೂ ಓದಿದರೆ ಅವರು ಮೊದಲು ಮನ್ನಿಸಬೇಕು.

೧೯೩೭ನೆಯ ಇಸವಿ, ಆಯುಧಪೂಜೆಯ ದಿನ. ಸಬ್ ಇನ್ಸ್‌ಪೆಕ್ಟರ್ ಸಾಹೇಬರು ದಸರಾ ಬಂದೋಬಸ್ತಿಗೆಂದು ಮೈಸೂರಿಗೆ ಹೋಗಿದ್ದರು. ಮಧುಗಿರಿ ಠಾಣೆ ದಫೇದಾರ್ ಕದರಪ್ಪನ ಕೈಯಲ್ಲಿತ್ತು. ಗೋಡೆಗೆ ಒರಗಿಸಿದ್ದ ಬಂದೂಕು, ಲಾಠಿ, ಕೈಬೇಡಿ ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟಿದ್ದರು. ಲೇಖನಿ, ಮಸಿಕುಡಿಕೆಗಳೂ ಆ ಸಾಲಿನಲ್ಲೇ ಇದ್ದವು.

ಸಂಜೆ ಆರಕ್ಕೆ ಮುಂಚೆ ಆಂಜಿನಮ್ಮ ಎಂಬ ಹೆಂಗಸು ಏದುಸಿರು ಬಿಡುತ್ತ ಠಾಣೆಯ ಮೆಟ್ಟಿಲು ಹತ್ತಿದಳು. ಸೆರಗಿನ ಮೇಲೆ ರಕ್ತದ ಕಲೆಯಿತ್ತು.

"ಸ್ವಾಮಿ, ನಮ್ಮವ್ವನ ಮೇಲೆ ಮೋಟಾರು ಹತ್ಬುಡ್ತು!"

"ಯಾರಮ್ಮ ನಿಮ್ಮವ್ವ?"

"ಓಬಕ್ಕ. ಗುಡಿ ಬೀದೀಲಿ ಹೂ ಮಾರ್ತಾಳಲ್ಲ."

"ಯಾರ ಮೋಟಾರು?"

"ಗಂಗಾಧರಯ್ಯ ಮೇಷ್ಟ್ರುದು."

ಕದರಪ್ಪ ಎದ್ದು ನಿಂತ. "ಯಾರು ಓಡಿಸ್ತಿದ್ರು?"

"ಯಾರೂ ಇಲ್ಲ ಸ್ವಾಮಿ. ತನ್ನಷ್ಟಕ್ ತಾನೇ ಬಂತು. ಮೂತಿಗೆ ಹಾರ ಹಾಕ್ಕಂಡು ದೇವ್ರಂಗೆ ಬಂತು."

ದೂರು ಬರೆಯಬೇಕು. ಕದರಪ್ಪ ಲೇಖನಿಯ ಕಡೆ ಕೈ ಚಾಚಿದಾಗ ಕಾನ್‌ಸ್ಟೇಬಲ್ ಗಂಗಹನುಮಯ್ಯ ತಡೆದ. "ಪೂಜೆಗಿಟ್ಟಿದ್ದು ಎತ್ತಂಗಿಲ್ಲ ದಫೇದಾರ್ರೆ. ನಾಳೆ ಪೂಜೆ ಇಳಿಸಿದ್ ಮೇಲೆ ಎತ್ತೋಣ."

ಕದರಪ್ಪನಿಗೂ ಅಳುಕಾಯಿತು. ಆದರೆ ಆ ಹೆಂಗಸು ನಿಂತೇ ಇದ್ದಳು. ಲೇಖನಿಯನ್ನು ಕಣ್ಣಿಗೊತ್ತಿಕೊಂಡು ಎತ್ತಿದ; ಎಫ್‌ಐಆರ್ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ.

ಅವನ ಕೈಗೆ ಲೇಖನಿ ಕೊಟ್ಟವರೇ ಗಂಗಾಧರಯ್ಯ ಮೇಷ್ಟರು. ಮಿಡಲ್ ಸ್ಕೂಲಿನ ಹೆಡ್ಮಾಸ್ಟರಾಗಿದ್ದ ಅವರು ತಮ್ಮ ಮನೆಯ ಜಗಲಿಯ ಮೇಲೆ ಲಾಟೀನು ಹಚ್ಚಿ ಕೂಲಿಯವರಿಗೆ, ತಳವಾರರಿಗೆ, ಪೊಲೀಸರಿಗೆ ಅಕ್ಷರ ಕಲಿಸುತ್ತಿದ್ದರು. ಹೆಬ್ಬೆಟ್ಟಿನ ಕಾನ್‌ಸ್ಟೇಬಲ್ ಆಗಿದ್ದ ಕದರಪ್ಪ ದಫೇದಾರನಾದದ್ದು ಆ ಜಗಲಿಯಿಂದ. ಈಗಲೂ ವರದಿ ಬರೆದ ಮೇಲೆ ಒತ್ತಕ್ಷರ ಸರಿಯಾಯಿತೋ ಇಲ್ಲವೋ ಎಂದು ಎರಡೆರಡು ಸಲ ನೋಡುವ ಅಭ್ಯಾಸ ಅವನಿಗಿತ್ತು.

ಮೇಷ್ಟರು ಪಿಂಚಣಿಗೆ ಬಂದ ಮೇಲೆ ಬೆಂಗಳೂರಿನ ಅವರ ಭಾವಮೈದುನ ಹೊಸ ಕಾರು ಕೊಂಡು ಹಳೆಯದನ್ನು ಇವರಿಗೆ ಕೊಟ್ಟಿದ್ದ. ಆ ಕಾರಿನ ಕೈಬ್ರೇಕು ಹಿಡಿಯುತ್ತಿರಲಿಲ್ಲ. ನಿಲ್ಲಿಸಿದಲ್ಲೆಲ್ಲ ಡ್ರೈವರ್ ಬೋರಪ್ಪ ಇಳಿದು ಗಾಲಿಗೆ ಕಲ್ಲು ಕೊಡಬೇಕು. ಅದಕ್ಕೆಂದೇ ಒಂದು ಸೈಜುಗಲ್ಲನ್ನು ಕಾರಿನ ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ಹೊತ್ತು ತಿರುಗುತ್ತಿದ್ದರು.

ಗುಡಿಯ ಹತ್ತಿರ ಜನ ಮುತ್ತಿದ್ದರು. ಓಬಕ್ಕನನ್ನು ಆಗಲೇ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ವೆಂಕಟರಮಣಸ್ವಾಮಿ ಗುಡಿಯ ಮುಂದಿನ ಇಳಿಜಾರಿನ ಕೊನೆಯಲ್ಲಿ, ಜಜ್ಜಿಹೋದ ಹೂಬುಟ್ಟಿಗಳ ಮೇಲೆ ಕಾರು ಮೂತಿ ಊರಿ ನಿಂತಿತ್ತು. ಕದರಪ್ಪ ಪಂಚರನ್ನು ಕರೆದು ಪಂಚನಾಮೆ ಬರೆದ. ಕಾರು ನಿಲ್ಲಿಸಿದ್ದ ಜಾಗ, ಉರುಳಿದ ದೂರ, ಮೇಲಕ್ಕೆ ಎಳೆದಂತೆಯೇ ಇದ್ದ ಕೈಬ್ರೇಕಿನ ಹಿಡಿ. ಕೊನೆಗೆ ಒಂದು ಸಾಲು: ಗಾಲಿಗೆ ಕಲ್ಲು ಕೊಟ್ಟಿರಲಿಲ್ಲ, ಕಾರಿನಲ್ಲಿಯೂ ಕಲ್ಲು ಇರಲಿಲ್ಲ.

ಗುಡಿಯ ಮೆಟ್ಟಿಲ ಮೇಲೆ ಮೇಷ್ಟರು ಕುಳಿತಿದ್ದರು. ಪಕ್ಕದಲ್ಲಿ ಅವರ ತಾಯಿ ನರಸಮ್ಮ.

"ಮೇಷ್ಟ್ರೇ, ಕಲ್ಲು ಯಾಕೆ ಇಟ್ಟಿರಲಿಲ್ಲ?"

"ಇಡು ಅಂತ ಹೇಳಿದ್ದೆ," ಎಂದರು ಮೇಷ್ಟರು. ಕದರಪ್ಪನ ಮುಖ ನೋಡಲಿಲ್ಲ. "ಅವನು ಮರೆತ."

ಅಷ್ಟು ಸಾಕಾಯಿತು. ಬೇಡಿ ಪೂಜೆಯಲ್ಲಿತ್ತು, ಗಂಗಹನುಮಯ್ಯ ತನ್ನ ಟವೆಲಿನಿಂದಲೇ ಬೋರಪ್ಪನ ಕೈ ಕಟ್ಟಿದ. ಹಬ್ಬದ ಜನ ತುಂಬಿದ್ದ ಪೇಟೆ ಬೀದಿಯಲ್ಲಿ ನಡೆಸಿಕೊಂಡು ಬಂದರು. ಬೋರಪ್ಪ ದೀಪಾವಳಿಯಿಂದ ಪಾವಗಡದ ಬಸ್ಸಿಗೆ ಡ್ರೈವರಾಗಿ ಸೇರುವವನಿದ್ದ. ಅವನ ಜೇಬಿನಿಂದ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟಾಗ ಅವನ ಕಣ್ಣು ಅದರ ಮೇಲೇ ಇತ್ತು.

"ಕಲ್ಲು ಎಲ್ಲಿ?"

"ಮೇಷ್ಟ್ರ ಹಿತ್ಲಾಗೆ ಐತೆ."

"ಯಾಕೆ ತರಲಿಲ್ಲ?"

"ಬ್ಯಾಡ ಅಂದ್ರು. ಬ್ರೇಕು ನಾನೇ ರಿಪೇರಿ ಮಾಡಿವ್ನಿ, ಇನ್ಮ್ಯಾಕೆ ಕಲ್ಲು ಗಿಲ್ಲು ಬ್ಯಾಡ ಅಂದ್ರು."

"ಮೇಷ್ಟ್ರು ಇಡು ಅಂದಿದ್ರಂತೆ."

"ಹಂಗಾರೆ ಮೇಷ್ಟ್ರು ಸುಳ್ ಹೇಳ್ತಾವ್ರೆ."

ಕದರಪ್ಪನ ಕೈ ತಾನಾಗಿಯೇ ಎದ್ದಿತು. ಏಟು ಬೋರಪ್ಪನ ಕೆನ್ನೆಗೆ ಬಿತ್ತು. "ಯಾರ ಮಾತಾಡ್ತಿದ್ದೀಯ ಗೊತ್ತೇನ್ಲಾ?"

ಬೋರಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ. "ಗೊತ್ತು ಬುಡಿ," ಎಂದು ಲಾಕಪ್ಪಿನ ಮೂಲೆಗೆ ಹೋಗಿ ಕುಳಿತ. ಜಾಮೀನಿಗೆ ಯಾರೂ ಬರಲಿಲ್ಲ. ಬರಬಹುದಾಗಿದ್ದವರು ಮೇಷ್ಟರೊಬ್ಬರೇ.

ಮರುದಿನ ವಿಜಯದಶಮಿ. ಆರೋಪಿಯನ್ನು ಮಧ್ಯಾಹ್ನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಬೆಳಿಗ್ಗೆ ಒತ್ತಕ್ಷರ ತಿದ್ದಲೆಂದು ಕದರಪ್ಪ ಪಂಚನಾಮೆ ತೆಗೆದವನು ಕೊನೆಯ ಸಾಲಿನಲ್ಲಿ ನಿಂತುಬಿಟ್ಟ. ಕಾರಿನಲ್ಲಿಯೂ ಕಲ್ಲು ಇರಲಿಲ್ಲ. ಮರೆತವನಾದರೆ ಕಲ್ಲು ಕಾರಿನ ಮೆಟ್ಟಿಲ ಮೇಲೆಯೇ ಇರಬೇಕಿತ್ತಲ್ಲ. ಗಾಲಿಗೆ ಕೊಡಲು ಮರೆಯಬಹುದು. ದಿನಾ ಇರುವ ಜಾಗದಿಂದ ಅದು ಎದ್ದು ಹೋಗಲು ಯಾರೋ ಎತ್ತಿಡಬೇಕು.

ತಾನೇ ತಪ್ಪು ಲೆಕ್ಕ ಹಾಕುತ್ತಿದ್ದೇನೋ ಎಂದು ಅವನಿಗೆ ಅನುಮಾನ. ಆದರೂ ಗಂಗಹನುಮಯ್ಯನನ್ನು ಕರೆದುಕೊಂಡು ಗುಡಿಯ ಹತ್ತಿರ ಹೋದ. ಅಂಗಿ ಬಿಚ್ಚಿ ಕಾರಿನ ಕೆಳಗೆ ಮಲಗಿ ತೂರಿದ.

"ಏನ್ ಕಾಣ್ತದೆ ದಫೇದಾರ್ರೆ?"

"ಸುಮ್ನಿರಯ್ಯ."

ಕೈಬ್ರೇಕಿನ ಹಿಡಿಯಿಂದ ಹಿಂದಕ್ಕೆ ಒಂದು ಕಬ್ಬಿಣದ ಕಂಬಿ ಹೋಗಿತ್ತು. ಗಾಲಿಯ ಕಡೆಯ ಕೊಂಡಿಗೆ ಅದನ್ನು ಒಂದು ಕೀಲು ಸೇರಿಸಬೇಕು. ಕಂಬಿ ಜೋತುಬಿದ್ದಿತ್ತು. ಕೀಲಿರಬೇಕಾದ ತೂತಿನಲ್ಲಿ ಮುರಿದ ಮರದ ಚೂರೊಂದು ಸಿಕ್ಕಿಕೊಂಡಿತ್ತು. ಬೆರಳಿನಿಂದ ಕಿತ್ತು ಹೊರಗೆ ತಂದು ನೋಡಿದ. ಹಸಿ ಬೇವು. ತೊಗಟೆಯ ಹಸಿರು ಇನ್ನೂ ಒಣಗಿರಲಿಲ್ಲ.

"ಕಬ್ಬಿಣ ಇರೋ ಕಡೆ ಗೂಟ ಬಡಿದವ್ರೆ!" ಎಂದ ಗಂಗಹನುಮಯ್ಯ. "ದನ ಕಟ್ಟಾಕೆ ಬಡೀತಾರಲ್ಲ, ಹಂಗೆ."

ಲಾಕಪ್ಪಿಗೆ ಬಂದು ಕದರಪ್ಪ ಕೇಳಿದ. "ಹಬ್ಬದ ಮುಂಚೆ ನೀನೆಲ್ಲಿದ್ದೆ?"

"ಕೊರಟಗೆರೇಲಿ, ಅತ್ತೆ ಮನೇಲಿ. ಪೂಜೆ ದಿನ ಮಧ್ಯಾನ ಬಂದೆ. ಬಸ್ಸಿನ ಕಂಡಕ್ಟರನ್ನ ಕೇಳಿ ಬೇಕಾರೆ."

ಊರಿನಲ್ಲಿ ಕೀಲು ಕಾಯಿಸುವ ಕುಲುಮೆ ಒಂದೇ, ಬೊಮ್ಮಪ್ಪನದು. ಕದರಪ್ಪ ಅಲ್ಲಿಗೆ ಹೋದ. ಕುಲುಮೆ ಆರಿತ್ತು, ತಿದಿ, ಸುತ್ತಿಗೆ, ಇಕ್ಕಳಗಳಿಗೆ ಹೂವು ಇಟ್ಟು ಬೊಮ್ಮಪ್ಪ ಬಾಗಿಲಲ್ಲಿ ಎಲೆಅಡಿಕೆ ಹಾಕುತ್ತ ಕುಳಿತಿದ್ದ.

"ಮೇಷ್ಟ್ರು ಬಂದಿದ್ರಾ?"

"ಬಂದಿದ್ರು. ಪೂಜೆ ದಿನ ಬೆಳಿಗ್ಗೆ. ಇಂಥಾ ಕೀಲೊಂದು ಬೇಕು ಬೊಮ್ಮಣ್ಣ, ಈಗ್ಲೇ ಆಗ್ಬೇಕು ಅಂದ್ರು. ಸಾಮಾನೆಲ್ಲ ಪೂಜೆಗಿಟ್ಟಿವ್ನಿ ಸ್ವಾಮಿ, ಹಬ್ಬ ಆಗ್ಲಿ ಅಂದೆ."

"ಏನಂದ್ರು?"

"ಏನೂ ಅನ್ಲಿಲ್ಲ. ಸುಮ್ಕೆ ನಿಂತ್ಕಂಡಿದ್ರು. ಮೇಷ್ಟ್ರು ಹಂಗೆ ನಿಂತಿದ್ದು ನಾನ್ ಕಂಡೇ ಇರ್ಲಿಲ್ಲ."

ಮೇಷ್ಟರ ಮನೆಯ ಬಾಗಿಲಲ್ಲಿ ನರಸಮ್ಮ ಸಿಕ್ಕರು. ಹಿತ್ತಿಲ ಬೇಲಿಯ ಬೇವಿನ ಮರದಲ್ಲಿ ಒಂದು ಕೊಂಬೆಯನ್ನು ಹೊಸದಾಗಿ ಕಡಿದಿದ್ದು ಕಾಣುತ್ತಿತ್ತು. ಅದರ ಬುಡದಲ್ಲಿ ಕಲ್ಲಿತ್ತು.

"ಅಮ್ಮಾ, ಮೋಟಾರಿನ ಸಾಮಾನು ಎಲ್ಲಿವೆ?"

"ದೇವರ ಮನೇಲಿ ಐತೆ ಬಾರಪ್ಪ. ಇನ್ನೂ ಪೂಜೆ ಇಳಿಸಿಲ್ಲ, ಮುಟ್ಟಬ್ಯಾಡ, ನೋಡು ಅಷ್ಟೆ."

ಹಿತ್ತಾಳೆ ಹರಿವಾಣದಲ್ಲಿ ಸ್ಪ್ಯಾನರು, ಇಕ್ಕಳ, ಸುತ್ತಿಗೆ. ನಡುವೆ, ಸವೆದು ಸೊಟ್ಟಗಾದ ಒಂದು ಕಬ್ಬಿಣದ ಕೀಲು. ಅದಕ್ಕೂ ಕುಂಕುಮದ ಬೊಟ್ಟು.

"ಇದನ್ನ ಯಾರಿಟ್ಟರಮ್ಮ?"

"ನಾನೇ ಇಟ್ಟಿವ್ನಿ ಕಣಪ್ಪ. ಗಾಡಿ ಕೆಳ್ಗಡೆ ಬಿದ್ದಿತ್ತು. ಗಂಗಾಧರ ಬಂದು ಅದು ಬೇಕು ಅಂದ. ಪೂಜೆಗಿಟ್ಟ ಮ್ಯಾಲೆ ಎತ್ತುದ್ರೆ ಮನೆಗೆ ಒಳ್ಳೇದಲ್ಲ ಕಣೋ ಅಂದೆ. ಸುಮ್ನಾದ." ಮುದುಕಿ ಕದರಪ್ಪನ ಮುಖ ನೋಡಿದರು. "ಯಾಕಪ್ಪ, ಅದ್ರಾಗೇನೈತೆ?"

ಅವನು ಜಗಲಿಗೆ ಬಂದ. ಮೇಷ್ಟರು ಅಲ್ಲಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಕೂತ್ಕೋ ಕದರಪ್ಪ."

"ನಿಂತೇ ಕೇಳ್ತೀನಿ ಮೇಷ್ಟ್ರೇ." ಬೇವಿನ ಚೂರನ್ನು ಜಗಲಿಯ ಮೇಲಿಟ್ಟ. "ಇದನ್ನ ಬಡಿದವರು ಯಾರು?"

"ನಾನು."

"ಬೋರಪ್ಪನಿಗೆ ಗೊತ್ತಿತ್ತಾ?"

"ಇಲ್ಲ."

"ಕಲ್ಲು ಇಡು ಅಂದಿದ್ರಾ?"

ಮೇಷ್ಟರು ಕನ್ನಡಕ ತೆಗೆದರು. "ಊರ ಹುಡುಗರು ನನ್ನನ್ನ ಏನಂತ ಕರೀತಾರೆ, ಹೇಳು."

ಕದರಪ್ಪ ಬೇವಿನ ಚೂರನ್ನು ಸರಿಸಿಟ್ಟ.

"ಹೇಳೋ."

"ಕಲ್ಲು ಮೇಷ್ಟ್ರು."

"ಒಂದು ಜೀವಮಾನ ಪಾಠ ಹೇಳಿದೆ. ಅದನ್ನೆಲ್ಲ ಒಂದು ಕಲ್ಲು ಒರೆಸಿಹಾಕಿತು. ಬೋರಪ್ಪ ರಿಪೇರಿಗೆ ತುಮಕೂರಿಗೆ ಒಯ್ಯೋಣ ಅಂತಿದ್ದ. ಮೋಟಾರಿನ ಜೊತೆ ಬಂದ ಪುಸ್ತಕ ಓದಬಲ್ಲವನಿಗೆ ತುಮಕೂರು ಯಾಕೆ ಅಂತ ಪೇಟೆಯಲ್ಲಿ ನಿಂತು ಹೇಳಿದ್ದೆ. ಅವನು ಊರಿಗೆ ಹೋದಾಗ ಬಿಚ್ಚಿದೆ. ಕೀಲು ಸವೆದಿತ್ತು. ಅಲ್ಲೀತನಕ ಎಲ್ಲಾ ಪುಸ್ತಕದಲ್ಲಿ ಬರೆದ ಹಾಗೇ ಇತ್ತು. ಹೊಸದು ಸಿಗಲಿಲ್ಲ. ಹಳೆಯದನ್ನೇ ಹಾಕೋಣ ಅಂದರೆ ಅಮ್ಮ ಕುಂಕುಮ ಇಟ್ಟಾಗಿತ್ತು. ಗೂಟ ಬಡಿದು ಅಂಗಳದಲ್ಲಿ ಎಳೆದು ನೋಡಿದೆ. ನಿಂತಿತು. ಅಂಗಳ ಸಮತಟ್ಟು."

"ಗುಡಿಗೆ ಹೋಗದೇ ಇರಬಹುದಿತ್ತಲ್ಲ."

"ಪೂಜೆ ಮಾಡಿದ ಮೋಟಾರು ಮನೆಯಲ್ಲೇ ನಿಂತರೆ ಮತ್ತೆ ನಗೋರು. ಆಗಲಿಲ್ಲ ಅಂತ ಬೋರಪ್ಪನ ಮುಂದೆ ಹೇಳೋದಕ್ಕೆ ಬಾಯಿ ಬರಲಿಲ್ಲ. ರಿಪೇರಿ ಆಯ್ತು, ಕಲ್ಲು ಬೇಡ ಅಂದುಬಿಟ್ಟೆ. ಆಮೇಲೆ ನಿನ್ನ ಮುಂದೆ ಹೇಳೋದಕ್ಕೆ ಅದಕ್ಕಿಂತ ಕಷ್ಟವಾಯ್ತು."

ಕದರಪ್ಪನಿಗೆ ತಲೆ ಎತ್ತಲಾಗಲಿಲ್ಲ. "ನಿಮ್ಮನ್ನ ದಸ್ತಗಿರಿ ಮಾಡಬೇಕಾಗ್ತದೆ ಮೇಷ್ಟ್ರೇ."

"ಮಾಡು." ಅವರು ಎದ್ದು ಶಲ್ಯ ಹೊದ್ದುಕೊಂಡರು. ನಂತರ ತುಂಬ ಮೆಲ್ಲಗೆ ಕೇಳಿದರು: "ಹಿತ್ತಿಲ ದಾರಿಯಲ್ಲಿ ಹೋಗಬಹುದಾ?"

ಹೂಂ ಎನ್ನಲು ಕದರಪ್ಪನ ನಾಲಿಗೆ ತುದಿಯವರೆಗೆ ಬಂದಿತ್ತು. ಆ ಜಗಲಿಯ ಮೇಲೆ ಕುಳಿತವರೆಲ್ಲರೂ ಹೂಂ ಎನ್ನುತ್ತಿದ್ದರು.

"ಬೋರಪ್ಪನ್ನ ಪೇಟೆ ಬೀದೀಲೇ ಕರ್ಕೊಂಡ್ ಹೋದೆ ಮೇಷ್ಟ್ರೇ," ಎಂದ.

ಇಬ್ಬರೂ ಪೇಟೆ ಬೀದಿಯಲ್ಲೇ ನಡೆದರು. ಕೈ ಕಟ್ಟಿರಲಿಲ್ಲ. ಅಂಗಡಿಯವರು ಎದ್ದು ನಿಂತು ಮೇಷ್ಟರಿಗೆ ಕೈಮುಗಿದರು. ಹಬ್ಬದ ದಿನ ದಫೇದಾರನ ಜೊತೆ ಎಲ್ಲಿಗೋ ಹೊರಟಿದ್ದಾರೆಂದು ತಿಳಿದರು. ಮೇಷ್ಟರು ಯಾರಿಗೂ ತಿರುಗಿ ಕೈಮುಗಿಯಲಿಲ್ಲ. ಠಾಣೆಯ ಮೆಟ್ಟಿಲು ಬಂದಾಗ ಅವರ ಶಲ್ಯ ಬೆವರಿನಿಂದ ಒದ್ದೆಯಾಗಿತ್ತು.

ಬೋರಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಕದರಪ್ಪ ಲೈಸೆನ್ಸನ್ನು ಕೈಗೆ ಕೊಟ್ಟು ಅಲ್ಲೇ ನಿಂತ.

"ನೀವು ಹೊಡ್ದಿದ್ದನ್ನೂ ಬರ್ಕಳಿ ದಫೇದಾರ್ರೆ," ಎಂದ ಬೋರಪ್ಪ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಎಲ್ಲಾ ಬರ್ಕಂಡಿದೀರಲ್ಲ."

ಕದರಪ್ಪ ಠಾಣೆಯ ದಿನಚರಿಯಲ್ಲಿ ಅದನ್ನೂ ಬರೆದ. ಆ ಸಾಲನ್ನು ಮಾತ್ರ ಎರಡನೆಯ ಸಲ ಓದಲಿಲ್ಲ.

ಮಧ್ಯಾಹ್ನ ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಆಸ್ಪತ್ರೆಗೆ ಹೋಗಿ ಓಬಕ್ಕನ ಹೇಳಿಕೆ ತೆಗೆದುಕೊಂಡ. ಕಾಲು ಉಳಿಯುವುದಿಲ್ಲ, ಬೆಂಗಳೂರಿಗೆ ಒಯ್ಯಬೇಕು ಎಂದಿದ್ದರು ಡಾಕ್ಟರು. ಅವಳ ಬಾಯಿಗೆ ಏನೂ ಆಗಿರಲಿಲ್ಲ.

"ಬಂದ್ಯಾ? ನನ್ ಹೂವಿನ್ ಗತಿ ಏನಾಯ್ತು? ಒಂದು ಸೇರು ಸೇವಂತಿಗೆ ಹಂಗೇ ಇತ್ತು."

"ಹೋಯ್ತು ಓಬಕ್ಕ. ಏನು ನೋಡಿದೆ ಹೇಳು."

"ನೋಡಾದೇನು. ಮೋಟಾರು ನಿಲ್ಲುಸುದ್ರು. ಬೋರ ತೆಂಗಿನ್ಕಾಯಿ ತಕ್ಕಂಡು ಓಡ್ದ. ಮುದುಕಮ್ಮ ಇಳುದ್ಲು. ಮೇಷ್ಟ್ರು ಮೆಟ್ಲು ಹತ್ತುದ್ರು. ಹತ್ತಿ, ಒಂದ್ ಕಿತ ತಿರುಗಿ ಮೋಟಾರ್ನ ನೋಡುದ್ರು. ಗಾಲಿ ಕಡೀಕೆ. ಅಲ್ಲಾಡ್ತಾ ಇರ್ಲಿಲ್ಲ ಆಗ. ಸುಮಾರೊತ್ತು ನೋಡುದ್ರು. ಕೆಳಗ್ ಬತ್ತಾರೇನೋ ಅಂದ್ಕಂಡೆ. ಗಂಟೆ ಬಾರಿಸ್ತು, ಒಳೀಕೆ ಹೋದ್ರು."

ಕದರಪ್ಪ ಠಾಣೆಗೆ ಹಿಂತಿರುಗಿದ. ಮೇಷ್ಟರು ಬೆಂಚಿನ ಮೇಲೆ ಕುಳಿತಿದ್ದರು. ಇನ್ನೊಂದು ಪ್ರಶ್ನೆ ಉಳಿದಿದೆ ಎಂದು ಹೇಳಿ, ಕೇಳಿದ: "ಮೆಟ್ಟಿಲ ಮೇಲಿಂದ ಗಾಲಿ ನೋಡಿದಾಗ, ಅದು ನಿಲ್ಲೋದಿಲ್ಲ ಅಂತ ನಿಮಗೆ ಅನ್ನಿಸಿತ್ತಾ?"

ಹೊರಗೆ ಬನ್ನಿ ಮುಡಿಯಲು ಹೊರಟವರ ತಮಟೆ ಕೇಳಿ, ದೂರವಾಯಿತು.

"ಉತ್ತರ ಕೊಡಲಿಲ್ಲ ಅಂತ ಬರೆದುಕೋ," ಎಂದರು ಮೇಷ್ಟರು.

ಕದರಪ್ಪ ಹಾಗೆಯೇ ಬರೆದ. ಕೋರ್ಟಿನಲ್ಲಿ ಅವರು ಉಳಿದದ್ದೆಲ್ಲವನ್ನೂ ಒಪ್ಪಿಕೊಂಡರು, ಶಿಕ್ಷೆ ಅನುಭವಿಸಿದರು. ಆ ಒಂದು ಪ್ರಶ್ನೆಗೆ ಅಲ್ಲಿಯೂ ಬಾಯಿ ಬಿಡಲಿಲ್ಲ. ಅವರಿಗೆ ಅನ್ನಿಸಿತ್ತೋ ಇಲ್ಲವೋ, ಗೊತ್ತಿಲ್ಲ.