ಹಾಡಿಗೆ ಮೊದಲಿನ ನಾಲ್ಕು ಏಟು

ತೀರಿಹೋದವರ ವಿಷಯ ಬರೆಯುತ್ತಿದ್ದೇನೆ. ಅಧಿಕಪ್ರಸಂಗವೆನಿಸಿದರೆ ದಯವಿಟ್ಟು ಮನ್ನಿಸಿ.

ನಮ್ಮ ಜಿಲ್ಲೆಯ ಹಳೆಯ ರಾಕ್ ಬ್ಯಾಂಡುಗಳ ಹಿರಿಯರೆಲ್ಲ ಒಂದೇ ತಂಡವಾಗಿ ಹಿರಿಯೂರಿನಲ್ಲಿ ಸಂಜೆ ಕಾರ್ಯಕ್ರಮ ಕೊಟ್ಟರು. ಮೈಕು, ಸ್ಪೀಕರು ನನ್ನ ಜವಾಬ್ದಾರಿ. ಡ್ರಮ್ಮರ್ ತಿಪ್ಪೇಶಿಯವರನ್ನು ವಯಸ್ಸಾಯಿತೆಂದು ಗಿಟಾರಿನ ಜಂಪಣ್ಣ ತಂಡದಿಂದ ಕೈಬಿಟ್ಟಿದ್ದರು. ಆ ಕೊರಗಿನಲ್ಲೇ ತಿಪ್ಪೇಶಿ ಕಾರ್ಯಕ್ರಮಕ್ಕೆ ಮೊದಲೇ ತೀರಿಕೊಂಡಿದ್ದರು.

"ಅವನ ಕೈಯಾಗೆ ಸ್ಪೀಡ್ ಎಲ್ಲೈತಲೇ? ಎತ್ತಿನಗಾಡಿ ಹೊಡ್ಯಾಕೆ ಲಾಯಕ್ಕು!" ವೇದಿಕೆ ಹತ್ತುವಾಗಲೂ ಜಂಪಣ್ಣ ನಕ್ಕರು.

ಹಾಡು ಶುರುವಾಗುವ ಮುನ್ನ ಡ್ರಮ್ಮರ್ ಕೋಲಿಗೆ ಕೋಲು ತಾಕಿಸಿ, ನಾಲ್ಕು ಏಟಿನಲ್ಲಿ ವೇಗ ಹೇಳುತ್ತಾರೆ. ಅಂದು ಹೊಸ ಡ್ರಮ್ಮರ್ ಕಲ್ಲೇಶ್ ಕೋಲು ಎತ್ತುವ ಮೊದಲೇ ಆ ಏಟುಗಳು ಕೇಳಿದವು. ಹಾಡಿನಿಂದ ಹಾಡಿಗೆ ವೇಗ ಹೆಚ್ಚಿತು. ಸೆಖೆಯಲ್ಲೂ ನನ್ನ ಸೌಂಡ್ ಮಿಕ್ಸರಿನ ಗುಂಡಿಗಳು ತಣ್ಣಗೆ ಕೊರೆಯುತ್ತಿದ್ದವು. ಜಂಪಣ್ಣನವರ ಬೆರಳು ಸೀಳಿ, ಬಿಳಿ ಗಿಟಾರಿನ ಮೇಲೆ ರಕ್ತ ಇಳಿಯಿತು.

"ನಿಲ್ಸಲೇ ಕಲ್ಲೇಶ!"

"ನಾನೆಲ್ಲಿ ಹೊಡೀತಿದೀನಣ್ಣ? ನೀವು ಕೈ ತೆಗೀರಿ!"

"ಕೈ ನನ್ನ ಮಾತು ಕೇಳ್ತಿಲ್ಲೋ!"

ಗಾಬರಿಯಿಂದ ಕರೆಂಟನ್ನೇ ತೆಗೆದೆ. ಸ್ಪೀಕರುಗಳು ಸುಮ್ಮನಾದವು. ಜಂಪಣ್ಣ ಮಂಡಿಯೂರಿ, "ತಪ್ಪಾತು ತಿಪ್ಪೇಶಿ, ಬಿಟ್ಟುಬಿಡಪ್ಪ," ಎಂದು ಅತ್ತರು.

ಕಲ್ಲೇಶ್ ಕೋಲು ಮುಟ್ಟದಿದ್ದರೂ ಮುಂದಿನ ಹಾಡಿಗೆ ನಾಲ್ಕು ಏಟು ಬಿದ್ದವು. ಜಂಪಣ್ಣನವರ ಕೈ ಮತ್ತೆ ತಂತಿಗೆ ಹೋಯಿತು.

ಆ ಏಟು ಎಲ್ಲಿಂದ ಬಂತೆಂದು ನನಗೆ ಇಂದಿಗೂ ಗೊತ್ತಿಲ್ಲ.